ದೇಶ ಬಿಟ್ಟರೂ ಬಿಡದ ಕಾರ್ಡ್ ಸಾಲ

ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಮನೆಗಳಿಗೆ ಈ ಬಗೆಯ ಫೋನ್ ಕರೆ ಹೊಸದಲ್ಲ. ದುಬೈಯಲ್ಲಿದ್ದ ಮಗ ಕೆಲಸ ಹೋಗಿ ಊರಿಗೆ ಬಂದು ಎರಡು ಮೂರು ವರ್ಷವಾಗಿರುತ್ತದೆ. ಇಲ್ಲೇ ಏನೋ ಸಣ್ಣ ವ್ಯಾಪಾರ ಹಿಡಿದಿರುತ್ತಾನೆ. ಒಂದು ದಿನ ಅಪ್ಪನ ಮೊಬೈಲ್ ರಿಂಗಾಗುತ್ತದೆ. ‘ನಿಮ್ಮ ಮಗ ಅಲ್ಲಿನ ಬ್ಯಾಂಕಿಗೆ ಇಷ್ಟು ಸಾವಿರ ದಿರ್ಹಮ್ ಬಾಕಿ ಇಟ್ಟು ಬಂದಿದ್ದಾನೆ. ವಾರದೊಳಗೆ ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ, ಪಾಸ್‌ಪೋರ್ಟ್ ರದ್ದಾಗುತ್ತದೆ, ಮನೆ ಜಪ್ತಿಯಾಗುತ್ತದೆ.’ ಆ ಸಾಲದ ಸುದ್ದಿ ಮನೆಯವರಿಗೆ ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ.

ಆಮೇಲೆ ನಡೆಯುವುದು ಎರಡರಲ್ಲೊಂದು. ಹೆದರಿದ ಮನೆಯವರು ಒಡವೆ ಅಡವಿಟ್ಟು, ಯಾರು ಏನೆಂದು ವಿಚಾರಿಸದೆ, ಫೋನ್ ಮಾಡಿದವರು ಹೇಳಿದ ಖಾತೆಗೆ ದುಡ್ಡು ಹಾಕುತ್ತಾರೆ. ಇಲ್ಲವೇ ‘ಅಲ್ಲಿಯ ಸಾಲ ಅಲ್ಲಿಗೆ ಮುಗಿಯಿತು, ಇಲ್ಲಿ ಯಾರೇನು ಮಾಡುತ್ತಾರೆ’ ಎಂದು ನಂಬರ್ ಬ್ಲಾಕ್ ಮಾಡಿ ಸುಮ್ಮನಾಗುತ್ತಾರೆ. ಎರಡೂ ತಪ್ಪು. ವಿದೇಶದಲ್ಲಿ ಉಳಿದ ಕ್ರೆಡಿಟ್ ಕಾರ್ಡ್ ಬಾಕಿ ಫೋನ್‌ನಲ್ಲಿ ಬೆದರಿಸುವಷ್ಟು ಭಯಂಕರವೂ ಅಲ್ಲ, ಕಟ್ಟೆಯ ಮೇಲೆ ಕುಳಿತವರು ಧೈರ್ಯ ಹೇಳುವಷ್ಟು ಹಗುರವೂ ಅಲ್ಲ. ಅದಕ್ಕೆ ಕಾನೂನಿದೆ, ಕಾಲಮಿತಿಯಿದೆ, ರಾಜಿಯ ದಾರಿಯೂ ಇದೆ. ಅವುಗಳ ಲಾಭ ಸಿಗುವುದು ಬಾಯಿಬಿಟ್ಟು ಉತ್ತರ ಕೊಟ್ಟವರಿಗೆ. ಸುಮ್ಮನಿದ್ದವರು ಅವುಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತಾರೆ.

ಬಾಕಿ ಬೆಳೆಯುವ ಲೆಕ್ಕ

ಹೆಚ್ಚಿನವರು ದುಂದು ಮಾಡಿ ಈ ಸುಳಿಗೆ ಬೀಳುವುದಿಲ್ಲ. ಸಂಬಳ ತಡವಾದಾಗ, ಆಸ್ಪತ್ರೆಯ ಖರ್ಚು ಬಂದಾಗ, ಊರಿಗೆ ವಿಮಾನದ ಟಿಕೆಟ್ ತೆಗೆಯುವಾಗ ಕಾರ್ಡ್ ಕೈಗೆ ಬರುತ್ತದೆ. ಆಮೇಲೆ ಪೂರ್ತಿ ಕಟ್ಟಲಾಗದೆ ‘ಮಿನಿಮಮ್ ಡ್ಯೂ’ ಕಟ್ಟುತ್ತ ಹೋಗುತ್ತಾರೆ.

ನಮ್ಮ ದೇಶದ ಒಂದು ಕಾರ್ಡಿನ ಲೆಕ್ಕ ನೋಡಿ. ಬಾಕಿ 1,00,000 ರೂಪಾಯಿ, ಬಡ್ಡಿ ತಿಂಗಳಿಗೆ ಶೇ 3.5 ಎಂದುಕೊಳ್ಳಿ. ಒಂದು ತಿಂಗಳ ಬಡ್ಡಿ 3,500 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18ರಂತೆ ಜಿಎಸ್‌ಟಿ 630 ರೂಪಾಯಿ. ನೀವು 5,000 ರೂಪಾಯಿ ಕಟ್ಟಿದರೆ ಅದರಲ್ಲಿ 4,130 ರೂಪಾಯಿ ಬಡ್ಡಿಗೂ ತೆರಿಗೆಗೂ ಹೋಗಿ, ಅಸಲಿನಿಂದ ಇಳಿಯುವುದು ಬರೀ 870 ರೂಪಾಯಿ. ವರ್ಷಕ್ಕೆ ಶೇ 42ರ ಈ ಬಡ್ಡಿಗೆ ಈಗ ಮೇಲ್ಮಿತಿಯೂ ಇಲ್ಲ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು.

ವಿದೇಶದ ಸಾಲಕ್ಕೆ ಇನ್ನೊಂದು ಹೊರೆ ಸೇರುತ್ತದೆ. ದಿರ್ಹಮ್‌ನ ಬೆಲೆ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ. ಡಾಲರ್ ಏರಿದಾಗಲೆಲ್ಲ ರೂಪಾಯಿ ಲೆಕ್ಕದಲ್ಲಿ ದಿರ್ಹಮ್ ಕೂಡ ಏರುತ್ತದೆ. 2014ರಲ್ಲಿ ಒಂದು ದಿರ್ಹಮ್‌ಗೆ ಸುಮಾರು 16–17 ರೂಪಾಯಿ ಇತ್ತು, ಹತ್ತು ವರ್ಷದಲ್ಲಿ ಅದು 23ರ ಹತ್ತಿರ ಬಂತು. ಆಗ 10,000 ದಿರ್ಹಮ್ ಬಾಕಿ ಬಿಟ್ಟು ಬಂದವರು ಸುಮಾರು 1.65 ಲಕ್ಷ ರೂಪಾಯಿಯಲ್ಲಿ ಋಣಮುಕ್ತರಾಗುತ್ತಿದ್ದರು. ಹತ್ತು ವರ್ಷ ಬಿಟ್ಟು ಅದೇ ಅಸಲಿಗೆ 2.3 ಲಕ್ಷ ರೂಪಾಯಿ ಬೇಕಾಯಿತು. ಇದರಲ್ಲಿ ಬಡ್ಡಿ ಸೇರಿಲ್ಲ. ರೂಪಾಯಿಯಲ್ಲಿ ದುಡಿದು ದಿರ್ಹಮ್‌ನಲ್ಲಿ ತೀರಿಸುವವರಿಗೆ ಕಾಯುವುದು ಯಾವತ್ತೂ ನಷ್ಟದ ವ್ಯವಹಾರ.

ಖಾಲಿ ಚೆಕ್ಕಿನ ಭಯ

ಗಲ್ಫ್‌ನಲ್ಲಿ ಸಾಲ ಪಡೆದವರ ದೊಡ್ಡ ಭಯ ಜೈಲಿನದು. ಅದಕ್ಕೆ ಕಾರಣವೂ ಇತ್ತು. ಯುಎಇಯಲ್ಲಿ ಸಾಲವನ್ನೋ ಕಾರ್ಡನ್ನೋ ಕೊಡುವಾಗ ಬ್ಯಾಂಕುಗಳು ಸಹಿ ಹಾಕಿದ ಚೆಕ್ಕನ್ನು ಭದ್ರತೆಗೆಂದು ಇಟ್ಟುಕೊಳ್ಳುವ ರೂಢಿ ಬೆಳೆದಿತ್ತು. ಕಂತು ತಪ್ಪಿದರೆ ಬ್ಯಾಂಕು ಅದರಲ್ಲಿ ಮೊತ್ತ ತುಂಬಿ ಹಾಕುತ್ತಿತ್ತು, ಚೆಕ್ ಬೌನ್ಸ್ ಆದರೆ ಅದು ಪೊಲೀಸ್ ಕೇಸು. ಬಾಕಿ ಬಿಟ್ಟು ಬಂದವರು ಮತ್ತೆ ದುಬೈ ವಿಮಾನ ನಿಲ್ದಾಣದಲ್ಲಿ ಕಾಲಿಟ್ಟಾಗ ಸಿಕ್ಕಿಬಿದ್ದ ಕತೆಗಳು ಕರಾವಳಿಯಲ್ಲಿ ಮನೆಮನೆಗೂ ಗೊತ್ತು.

2022ರ ಜನವರಿ 2ರಿಂದ ಅಲ್ಲಿನ ಕಾನೂನು ಬದಲಾಗಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದದ್ದಷ್ಟೇ ಆದರೆ ಅದೀಗ ಸಾಮಾನ್ಯವಾಗಿ ಅಪರಾಧವಲ್ಲ. ಬದಲಿಗೆ ಆ ಚೆಕ್ಕೇ ನೇರ ವಸೂಲಿಯ ದಸ್ತಾವೇಜು. ಬ್ಯಾಂಕು ಮೊದಲಿಂದ ದಾವೆ ಹೂಡದೆ ನೇರವಾಗಿ ಅಮಲ್ಜಾರಿ ನ್ಯಾಯಾಧೀಶರ ಮುಂದೆ ಹೋಗಬಹುದು. ಮೋಸದ ಉದ್ದೇಶ ಕಂಡುಬಂದರೆ ಮಾತ್ರ ಕ್ರಿಮಿನಲ್ ಶಿಕ್ಷೆಯ ಬಾಗಿಲು ಇನ್ನೂ ತೆರೆದಿದೆ. ಚೆಕ್ ಕೊಟ್ಟಮೇಲೆ ಅದು ಪಾಸಾಗದಿರಲೆಂದು ಖಾತೆಯ ಹಣವನ್ನೆಲ್ಲ ತೆಗೆಯುವುದು, ಖಾತೆಯನ್ನೇ ಮುಚ್ಚುವುದು, ಬೇಕೆಂದೇ ಸಹಿ ತಪ್ಪಿಸುವುದು ಈ ಸಾಲಿಗೆ ಸೇರುತ್ತವೆ. ‘ಹೊರಡುವ ಮೊದಲು ಎಲ್ಲ ಖಾಲಿ ಮಾಡಿಕೊಂಡು ಹೋಗು’ ಎಂಬ ಗೆಳೆಯರ ಸಲಹೆ ಎಷ್ಟು ಅಪಾಯಕಾರಿ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಪ್ರಯಾಣ ನಿಷೇಧದ ವಿಷಯ ಬೇರೆ. ಬಾಕಿ 10,000 ದಿರ್ಹಮ್‌ಗಿಂತ ಕಡಿಮೆಯಿಲ್ಲದಿದ್ದರೆ, ಸಾಲ ಪಡೆದವರು ದೇಶ ಬಿಟ್ಟು ಹೋಗುವ ಭಯವಿದ್ದರೆ, ಅವರನ್ನು ತಡೆಯುವಂತೆ ಬ್ಯಾಂಕು ಅಲ್ಲಿನ ನ್ಯಾಯಾಲಯವನ್ನು ಕೇಳಬಹುದು. ಹಾಗಾಗಿ ಹಳೆಯ ಬಾಕಿ ಇರುವವರು ಗಲ್ಫ್‌ಗೆ ಮತ್ತೆ ಕೆಲಸಕ್ಕೆ ಹೊರಡುವ ಮುಂಚೆ, ದುಬೈ ಮೂಲಕ ಬೇರೆ ದೇಶಕ್ಕೆ ಹೋಗುವ ಮುಂಚೆಯೂ, ತಮ್ಮ ಹೆಸರಲ್ಲಿ ಕೇಸು ಇದೆಯೇ ಎಂದು ನೋಡಿಕೊಳ್ಳಬೇಕು. ಹಣಕಾಸಿನ ಕೇಸುಗಳ ಸ್ಥಿತಿ ತಿಳಿಯಲು ದುಬೈ ಪೊಲೀಸರ ಆನ್‌ಲೈನ್ ಸೇವೆಯಿದೆ, ಅಬುಧಾಬಿಯ ನ್ಯಾಯಾಂಗ ಇಲಾಖೆಯದು ‘ಎಸ್ತಫ್ಸರ್’ ಎಂಬ ಸೇವೆ. ಒಂದರಲ್ಲಿ ಕೇಸು ಕಾಣದಿದ್ದರೆ ಎಲ್ಲ ಎಮಿರೇಟ್‌ಗಳಲ್ಲೂ ಇಲ್ಲ ಎಂದಲ್ಲ. ಯಾವ ಎಮಿರೇಟ್‌ನ ಬ್ಯಾಂಕೋ ಅಲ್ಲಿಯೇ ಕೇಳಬೇಕು.

ಕೆಲಸ ಹೋಗಿ ಇನ್ನೂ ಅಲ್ಲೇ ಇರುವವರು ಮೊದಲು ನೋಡಬೇಕಾದ ಕಾಗದ ಇನ್ನೊಂದಿದೆ. ಕಾರ್ಡ್ ಕೊಡುವಾಗ ಹಲವು ಬ್ಯಾಂಕುಗಳು ‘ಕ್ರೆಡಿಟ್ ಶೀಲ್ಡ್’ ಎಂಬ ವಿಮೆಯನ್ನೂ ಸೇರಿಸಿರುತ್ತವೆ. ಪ್ರತಿ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಅದಕ್ಕೆಂದು ಸಣ್ಣ ಮೊತ್ತ ಕಡಿತವಾಗಿರುತ್ತದೆ. ಸಾವು, ಅಂಗವೈಕಲ್ಯಕ್ಕೆ ಮಾತ್ರವಲ್ಲ, ಕಂಪನಿಯೇ ಕೆಲಸದಿಂದ ತೆಗೆದರೂ ಕೆಲವು ವಿಮೆಗಳು ಬಾಕಿಯ ಭಾರ ಹೊರುತ್ತವೆ. ಆದರೆ ವಾಯಿದೆಯೊಳಗೆ ಅರ್ಜಿ ಹಾಕಿರಬೇಕು. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿಯೂ ಅದನ್ನು ಕೇಳದೆ ಊರಿಗೆ ಬಂದವರಿದ್ದಾರೆ.

2020ರ ಜನವರಿ 17ರ ಅಧಿಸೂಚನೆ

‘ದುಬೈ ಕೋರ್ಟಿನ ಆದೇಶ ಉಡುಪಿಯಲ್ಲಿ ನಡೆಯುವುದಿಲ್ಲ’ ಎಂಬ ಮಾತು ಈಗ ನಿಜವಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪ್ರಕಾರ, ಕೇಂದ್ರ ಸರ್ಕಾರ ಪಟ್ಟಿ ಮಾಡಿದ ದೇಶಗಳ ಮೇಲಿನ ನ್ಯಾಯಾಲಯಗಳ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯ ತನ್ನದೇ ಡಿಕ್ರಿಯಂತೆ ಜಾರಿಗೊಳಿಸಬಹುದು. ಬ್ರಿಟನ್, ಸಿಂಗಪುರ, ಮಲೇಷ್ಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್ ಈ ಪಟ್ಟಿಯಲ್ಲಿ ಮೊದಲೇ ಇದ್ದವು. 2020ರ ಜನವರಿ 17ರ ಅಧಿಸೂಚನೆಯಲ್ಲಿ ಯುಎಇ ಕೂಡ ಸೇರಿತು. ಅಂದರೆ ಅಲ್ಲಿ ಗೆದ್ದ ಬ್ಯಾಂಕು ಇಲ್ಲಿ ಹೊಸ ದಾವೆ ಹೂಡಬೇಕಾಗಿಲ್ಲ. ಡಿಕ್ರಿಯ ದೃಢೀಕೃತ ಪ್ರತಿಯನ್ನೂ ಎಷ್ಟು ವಸೂಲಾಗಿದೆ ಎಂಬ ಪ್ರಮಾಣಪತ್ರವನ್ನೂ ತಂದು ಅಮಲ್ಜಾರಿ ಅರ್ಜಿ ಹಾಕಿದರೆ ಸಾಕು.

ಹಾಗೆಂದು ಮರುದಿನವೇ ಮನೆ ಜಪ್ತಿಯಾಗುವುದಿಲ್ಲ. ಸಂಹಿತೆಯ 13ನೇ ಕಲಮು ವಿದೇಶಿ ತೀರ್ಪನ್ನು ಪ್ರಶ್ನಿಸಲು ಆರು ಆಧಾರಗಳನ್ನು ಕೊಟ್ಟಿದೆ. ತೀರ್ಪು ಕೊಟ್ಟ ನ್ಯಾಯಾಲಯಕ್ಕೆ ಅಧಿಕಾರವಿರಲಿಲ್ಲ, ತೀರ್ಪು ಪ್ರಕರಣದ ಗುಣಾವಗುಣ ನೋಡಿ ಬಂದದ್ದಲ್ಲ, ಸಹಜ ನ್ಯಾಯದ ತತ್ವ ಪಾಲನೆಯಾಗಿಲ್ಲ, ಮೋಸದಿಂದ ಪಡೆದ ತೀರ್ಪು ಎಂಬವು ಅವುಗಳಲ್ಲಿ ಮುಖ್ಯ. ಸಾಕ್ಷ್ಯವನ್ನೇ ನೋಡದೆ, ಪ್ರತಿವಾದಿ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಕೊಟ್ಟ ಏಕಪಕ್ಷೀಯ ಡಿಕ್ರಿ ಗುಣಾವಗುಣದ ಮೇಲಿನ ತೀರ್ಪಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಇಂಟರ್‌ನ್ಯಾಷನಲ್ ವುಲನ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಬ್ಯಾಂಕು ಸ್ಟೇಟ್‌ಮೆಂಟ್, ಕರಾರುಪತ್ರ ಎಲ್ಲ ಹಾಜರುಪಡಿಸಿ, ಅವನ್ನು ಪರಿಶೀಲಿಸಿಯೇ ಕೋರ್ಟು ತೀರ್ಪು ಕೊಟ್ಟಿದ್ದರೆ, ‘ನಾನು ಹೋಗಿರಲಿಲ್ಲ’ ಎಂಬುದು ಮಾತ್ರ ರಕ್ಷಣೆಯಾಗದು. ಮೊತ್ತ ತಪ್ಪು, ಕಟ್ಟಿದ ಹಣ ಜಮೆಯಾಗಿಲ್ಲ, ವಿಮೆ ಕೊಡಬೇಕಿತ್ತು ಎನ್ನುವ ವಾದವನ್ನೆಲ್ಲ ಅಲ್ಲಿಯೇ ಮಾಡಬೇಕಿತ್ತು. ಸಮನ್ಸ್ ಬಂದಾಗ ಲಕೋಟೆ ಒಡೆಯದವರಿಗೆ ಆಗುವ ದೊಡ್ಡ ನಷ್ಟ ಇದು.

ಕಾಲಮಿತಿಯ ವಿಷಯದಲ್ಲಿ ಬೆಂಗಳೂರಿನದೇ ಒಂದು ಪ್ರಕರಣ ದಾರಿ ತೋರಿಸಿದೆ. ವೈಶ್ಯ ಬ್ಯಾಂಕಿನ ವಿರುದ್ಧ ಬ್ಯಾಂಕ್ ಆಫ್ ಬರೋಡಾ 1995ರಲ್ಲಿ ಲಂಡನ್ನಿನಲ್ಲಿ ಡಿಕ್ರಿ ಪಡೆದಿತ್ತು. ಅದರ ಜಾರಿಗೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಬಂದದ್ದು 2009ರಲ್ಲಿ. ಯಾವ ದೇಶದ ಡಿಕ್ರಿಯೋ ಆ ದೇಶದ ಕಾಲಮಿತಿಯೇ ಅನ್ವಯಿಸುತ್ತದೆ, ಇಂಗ್ಲೆಂಡಿನಲ್ಲಿ ಅದು ಆರು ವರ್ಷ, ಹಾಗಾಗಿ ಅರ್ಜಿ ತಡವಾಯಿತು ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಬ್ಯಾಂಕುಗಳ ನಡುವಿನ ಈ ಜಗಳದ ತತ್ವ ಸಾಮಾನ್ಯರಿಗೂ ಸಲ್ಲುತ್ತದೆ. ‘ಮೂರು ವರ್ಷ ಕಳೆದರೆ ಸಾಲ ಸತ್ತಂತೆ’ ಎಂದು ಎಲ್ಲ ದೇಶದ ಬಾಕಿಗೂ ಒಂದೇ ಅಳತೆ ಹಿಡಿಯುವಂತಿಲ್ಲ.

ಅಮೆರಿಕದಿಂದ ಮರಳಿದವರು

ಬೆಂಗಳೂರು, ಮೈಸೂರಿನ ಮನೆಗಳ ಚಿಂತೆ ಬೇರೆ. ಎಚ್‌–1ಬಿ ವೀಸಾದಲ್ಲಿದ್ದವರ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಆ ಗಡಿಬಿಡಿಯಲ್ಲಿ ಬಾಡಿಗೆ ಕರಾರು ಮುರಿದು, ಕಾರು ಮಾರಿ, ಮಕ್ಕಳ ಶಾಲೆ ಬಿಡಿಸಿ ವಿಮಾನ ಹತ್ತುವಾಗ ಕಾರ್ಡ್ ಬಾಕಿ ಹಾಗೆಯೇ ಉಳಿಯುತ್ತದೆ.

ಅಲ್ಲಿ ಕಾರ್ಡ್ ಸಾಲ ಸಿವಿಲ್ ವಿಷಯ. ಸುಮಾರು 180 ದಿನ ಕಟ್ಟದಿದ್ದರೆ ಬ್ಯಾಂಕು ತನ್ನ ಪುಸ್ತಕದಲ್ಲಿ ಅದನ್ನು ನಷ್ಟವೆಂದು ಬರೆದು, ಹಲವು ಸಲ ವಸೂಲಿ ಕಂಪನಿಗೆ ಮಾರಿಬಿಡುತ್ತದೆ. ಬ್ಯಾಂಕು ನಷ್ಟವೆಂದು ಬರೆದುಕೊಂಡಿತು ಎಂದ ಮಾತ್ರಕ್ಕೆ ಸಾಲ ಮನ್ನಾ ಆಗುವುದಿಲ್ಲ. ಕ್ರೆಡಿಟ್ ವರದಿಯಲ್ಲಿ ಈ ಕಲೆ ಏಳು ವರ್ಷ ಇರುತ್ತದೆ. ದಾವೆಯ ಕಾಲಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ: ನ್ಯೂಯಾರ್ಕ್‌ನಲ್ಲಿ ಮೂರು ವರ್ಷ, ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು.

ಅಮೆರಿಕ 44ಎ ಪಟ್ಟಿಯಲ್ಲಿಲ್ಲ. ಅಲ್ಲಿನ ತೀರ್ಪನ್ನು ಇಲ್ಲಿ ಜಾರಿಗೊಳಿಸಬೇಕಾದರೆ ಆ ತೀರ್ಪಿನ ಆಧಾರದಲ್ಲಿ ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು. ಕೆಲವೇ ಸಾವಿರ ಡಾಲರಿಗೆ ಆ ಖರ್ಚು ಗಿಟ್ಟುವುದು ಕಷ್ಟ. ಆದರೆ ಅಲ್ಲಿ ಉಳಿದ ಆಸ್ತಿಯ ಮಾತು ಬೇರೆ. ತೀರ್ಪು ಪಡೆದವರು ಅಲ್ಲಿನ ಬ್ಯಾಂಕ್ ಖಾತೆಗೆ ಕೈಹಾಕಬಹುದು. ಕಂಪನಿಯ 401(ಕೆ) ನಿವೃತ್ತಿ ನಿಧಿಗೆ ಮಾತ್ರ ಅಲ್ಲಿನ ಕೇಂದ್ರ ಕಾನೂನಿನ ರಕ್ಷಣೆಯಿದೆ, ಕಾರ್ಡ್ ಕಂಪನಿ ಅದನ್ನು ಮುಟ್ಟುವಂತಿಲ್ಲ. ಆ ನಿಧಿಯನ್ನು ಅವಸರದಲ್ಲಿ ಒಡೆದು, ದಂಡ ತೆತ್ತು, ಕಾರ್ಡ್ ಬಾಕಿಗೆ ಸುರಿಯುವ ಮೊದಲು ಇದು ಗೊತ್ತಿರಬೇಕು. ರಾಜಿಯಲ್ಲಿ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಬಿಟ್ಟುಕೊಟ್ಟರೆ ಬ್ಯಾಂಕು ‘1099–ಸಿ’ ನಮೂನೆಯಲ್ಲಿ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಆ ಮೊತ್ತ ನಿಮ್ಮ ಆದಾಯವೆಂದು ಎಣಿಕೆಯಾಗಬಹುದು.

ಮುಂದೊಮ್ಮೆ ಮತ್ತೆ ಅಮೆರಿಕಕ್ಕೆ ಹೋಗುವ ಆಸೆಯಿದ್ದವರಿಗೆ ಏಳು ವರ್ಷದ ಆ ಕಲೆ ಕೋರ್ಟಿಗಿಂತ ಹೆಚ್ಚು ಕಾಡುತ್ತದೆ. ಅಲ್ಲಿ ಬಾಡಿಗೆಗೆ ಮನೆ ಕೊಡುವವರೂ ಕ್ರೆಡಿಟ್ ವರದಿ ನೋಡುತ್ತಾರೆ.

ಇಲ್ಲಿಂದ ಹೊರಟವರ ಬಾಕಿ

ಭಾರತದ ಕಾರ್ಡಿನಲ್ಲಿ ಬಾಕಿ ಇಟ್ಟು ಕೆನಡಾಕ್ಕೋ ಜರ್ಮನಿಗೋ ಹೋದವರೂ ಕಡಿಮೆಯಿಲ್ಲ. ಎಷ್ಟೋ ಸಲ ಅದು ಉದ್ದೇಶಪೂರ್ವಕವೂ ಅಲ್ಲ. ಹಳೆಯ ಸಿಮ್‌ಗೆ ರೀಚಾರ್ಜ್ ಮಾಡದೆ ನಂಬರ್ ಹೋಗುತ್ತದೆ. ನಂಬರ್ ಹೋದರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ. ಮರೆತ ವಾರ್ಷಿಕ ಶುಲ್ಕದ ಮೇಲೆ ತಡಪಾವತಿ ಶುಲ್ಕ, ಅದರ ಬೆನ್ನಿಗೆ ಬಡ್ಡಿ. ಮನೆಸಾಲಕ್ಕೆ ಅರ್ಜಿ ಹಾಕಿದ ದಿನವೇ ವಿಷಯ ಗೊತ್ತಾಗುವುದು. ನಮ್ಮ ಸಾಲದ ಚರಿತ್ರೆ ಪ್ಯಾನ್‌ಗೆ ಜೋಡಿಸಿಕೊಂಡು ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಲ್ಲಿ ಕುಳಿತಿರುತ್ತದೆ.

‘ಮೂರು ವರ್ಷ ವಿದೇಶದಲ್ಲಿ ಕಳೆದರೆ ಆಯಿತು’ ಎಂದುಕೊಂಡವರು ಕಾಲಮಿತಿ ಕಾಯ್ದೆ–1963ರ 15(5)ನೇ ಕಲಮನ್ನು ಓದಿರುವುದಿಲ್ಲ. ದಾವೆಗೆ ಮೂರು ವರ್ಷದ ಮಿತಿ ಇರುವುದು ನಿಜ. ಆದರೆ ಪ್ರತಿವಾದಿ ಭಾರತದಲ್ಲಿ ಇಲ್ಲದಿದ್ದ ಅವಧಿಯನ್ನು ಆ ಲೆಕ್ಕದಿಂದ ಬಿಡಬೇಕು. ಐದು ವರ್ಷ ಹೊರಗಿದ್ದು ಬಂದವರ ಮೇಲೂ ಬ್ಯಾಂಕು ದಾವೆ ಹೂಡಬಹುದು.

ಹೊರಡುವವರ ಕೈಯಲ್ಲಿ ಒಂದು ಒಳ್ಳೆಯ ನಿಯಮವೂ ಇದೆ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಮುಚ್ಚಬೇಕು. ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ದಂಡ ಕೊಡಬೇಕು. ಬೇಡದ ಕಾರ್ಡುಗಳನ್ನು ಹೊರಡುವ ತಿಂಗಳಲ್ಲೇ ಮುಚ್ಚಿಸಿ, ಇಮೇಲ್ ದೃಢೀಕರಣ ಇಟ್ಟುಕೊಳ್ಳಿ. ಉಳಿಸಿಕೊಳ್ಳುವ ಕಾರ್ಡಿಗೆ ಅನಿವಾಸಿಗಳ ಎನ್‌ಆರ್‌ಒ ಖಾತೆಯಿಂದ ತಾನಾಗಿ ಹಣ ಕಟ್ಟುವ ಏರ್ಪಾಡು ಮಾಡಿ.

ಫೋನ್ ಬಂದಾಗ

ಮೊದಲು, ಕರೆ ಮಾಡಿದವರು ಯಾರು ಎಂದು ಕೇಳಿ. ಬ್ಯಾಂಕು ಕೊಟ್ಟ ಅಧಿಕಾರಪತ್ರ, ಖಾತೆಯ ವಿವರ, ಅಸಲು–ಬಡ್ಡಿಯನ್ನು ಬಿಡಿಸಿ ಬರೆದ ಲೆಕ್ಕ ಇಮೇಲ್‌ನಲ್ಲಿ ಬರಲಿ. ಅಷ್ಟಾಗುವವರೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಸಾಲ ಒಪ್ಪಿಕೊಂಡು ಏನನ್ನೂ ಬರೆದುಕೊಡಬೇಡಿ. ಭಾರತೀಯ ಕಾನೂನಿನಲ್ಲಿ, ಮಿತಿಯೊಳಗೆ ಮಾಡಿದ ಲಿಖಿತ ಒಪ್ಪಿಗೆಯಿಂದಲೋ ಸಣ್ಣ ಪಾವತಿಯಿಂದಲೋ ಕಾಲಮಿತಿ ಮತ್ತೆ ಮೊದಲಿಂದ ಶುರುವಾಗಬಹುದು. ಲೆಕ್ಕ ಕೈಗೆ ಬಂದ ಮೇಲೆ ಬ್ಯಾಂಕಿನ ಅಧಿಕೃತ ಇಮೇಲಿಗೇ ಬರೆದು ತಾಳೆ ನೋಡಿ.

ತಂದೆ, ತಾಯಿ, ಹೆಂಡತಿ ಜಾಮೀನು ಹಾಕಿರದಿದ್ದರೆ ಈ ಸಾಲಕ್ಕೆ ಅವರು ಹೊಣೆಯಲ್ಲ. ತಂದೆಯ ಹೆಸರಿನ ಮನೆಯನ್ನು ಮಗನ ಕಾರ್ಡ್ ಬಾಕಿಗೆ ಜಪ್ತಿ ಮಾಡಲಾಗದು. ಸಾಲ ಪಡೆದವರು ತೀರಿಕೊಂಡರೆ ವಾರಸುದಾರರ ಹೊಣೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಪಿಂಚಣಿ, ಭವಿಷ್ಯನಿಧಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ರಕ್ಷಣೆ ಕೊಟ್ಟಿದೆ. ‘ಇಂಟರ್‌ಪೋಲ್ ಬರುತ್ತದೆ’ ಎಂಬ ಬೆದರಿಕೆಯೂ ಮಾಮೂಲು. ಖಾಸಗಿ ವ್ಯಾಜ್ಯಗಳಿಂದ ಹುಟ್ಟಿದ ಪ್ರಕರಣಗಳಿಗೆ ಸಾಮಾನ್ಯವಾಗಿ ರೆಡ್ ನೋಟಿಸ್ ಕೊಡಬಾರದು ಎಂಬುದು ಇಂಟರ್‌ಪೋಲ್‌ನ ನಿಯಮ. ಜೈಲಿನ ಬಗ್ಗೆ ಸುಪ್ರೀಂ ಕೋರ್ಟ್ 1980ರಲ್ಲೇ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಲೇಖನಿಯಿಂದ ಸ್ಪಷ್ಟಪಡಿಸಿದೆ: ಪ್ರಾಮಾಣಿಕ ಅಸಹಾಯಕತೆಯಿಂದ ಸಾಲ ತೀರಿಸಲಾಗದವರನ್ನು ಜೈಲಿಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ. ಭಾರತದ ಬ್ಯಾಂಕುಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಯಾವ ದೇಶದ ಬ್ಯಾಂಕಿನ ಪರವಾಗಿಯೇ ಆಗಲಿ, ಬೆದರಿಸಿದರೆ ಕರೆ ರೆಕಾರ್ಡ್ ಮಾಡಿ ಠಾಣೆಯಲ್ಲಿ ದೂರು ಕೊಡಿ.

ರಾಜಿ ಕಾಗದದಲ್ಲಿ ಏನಿರಬೇಕು

ಹಳೆಯ ಕಾರ್ಡ್ ಬಾಕಿಗೆ ಬ್ಯಾಂಕುಗಳು ಬಡ್ಡಿ ಬಿಟ್ಟು, ಕೆಲವು ಸಲ ಅಸಲಿನಲ್ಲೂ ಕಡಿಮೆ ಮಾಡಿ ರಾಜಿಗೆ ಒಪ್ಪುತ್ತವೆ. ಒಂದೇ ಗಂಟಿನಲ್ಲಿ ಕೊಡುವವರಿಗೆ ರಿಯಾಯಿತಿ ಹೆಚ್ಚು. ಆದರೆ ಹಣ ಕೊಡುವ ಮುಂಚೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ ಬರಬೇಕು. ಅದರಲ್ಲಿ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕೊನೆಯ ದಿನಾಂಕ, ‘ಇದು ಪೂರ್ಣ ಮತ್ತು ಅಂತಿಮ ತೀರುವಳಿ’ ಎಂಬ ಮಾತು, ಕೇಸು ಇದ್ದರೆ ಹಿಂಪಡೆಯುವ ಭರವಸೆ, ಭದ್ರತಾ ಚೆಕ್ ಮರಳಿಸುವ ಮಾತು ಇರಬೇಕು. ಹಣ ಬ್ಯಾಂಕಿನ ಖಾತೆಗೇ ಹೋಗಬೇಕು, ಏಜೆಂಟರ ಖಾತೆಗಲ್ಲ. ಊರಿನಿಂದ ಕಳಿಸುವವರು ಉದಾರೀಕೃತ ರವಾನೆ ಯೋಜನೆಯಡಿ ಬ್ಯಾಂಕಿನ ಮೂಲಕವೇ ಕಳಿಸಿ. ಹವಾಲದಲ್ಲಿ ಕಳಿಸಿದ ಹಣಕ್ಕೆ ರಸೀದಿಯಿಲ್ಲ, ಅದು ಕಾನೂನುಬಾಹಿರ ಕೂಡ. ಕೊನೆಗೆ ‘ಬಾಕಿ ಇಲ್ಲ’ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಕಡತ ಮುಚ್ಚಿ.

ಭಾರತದ ಕಾರ್ಡಾದರೆ ಇನ್ನೊಂದು ಎಚ್ಚರ. ರಿಯಾಯಿತಿ ಪಡೆದು ಮುಗಿಸಿದ ಖಾತೆ ಸಿಬಿಲ್‌ನಲ್ಲಿ ‘ಸೆಟ್ಲ್ಡ್’ ಎಂದು ದಾಖಲಾಗುತ್ತದೆ, ಪೂರ್ತಿ ಕಟ್ಟಿದ್ದು ‘ಕ್ಲೋಸ್ಡ್’ ಎಂದು. ಮುಂದಿನ ಸಾಲಕ್ಕೆ ಹೋದಾಗ ಮೊದಲನೆಯದನ್ನು ಬ್ಯಾಂಕುಗಳು ಅನುಮಾನದಿಂದ ನೋಡುತ್ತವೆ. ಕೈಯಲ್ಲಿ ಆಗುವುದಾದರೆ ಪೂರ್ತಿ ಕಟ್ಟಿಬಿಡುವುದೇ ಲೇಸು.

ಇನ್ನೂ ಗಲ್ಫ್‌ನಲ್ಲಿರುವವರಿಗೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲಿ ಕಾನೂನು ಮತ್ತು ಹಣಕಾಸಿನ ಸಲಹೆ ಸಿಗುತ್ತದೆ. ಊರಿನಲ್ಲಿರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. ಸಾಲದ ಸಂಕಟದಲ್ಲಿ ಬದುಕೇ ಬೇಡವೆನಿಸಿದವರು 14416ಕ್ಕೆ, ಟೆಲಿ ಮಾನಸ್ ಸಹಾಯವಾಣಿಗೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಕೆಲಸ ಕಳೆದುಕೊಂಡು ಬಾಕಿ ಬಿಟ್ಟು ಬಂದವರೆಲ್ಲ ಮೋಸಗಾರರಲ್ಲ, ಕಾನೂನು ಕೂಡ ಹಾಗೆ ನೋಡುವುದಿಲ್ಲ. ಆದರೆ ನಾಚಿಕೆಯಿಂದಲೋ ಭಯದಿಂದಲೋ ಮನೆಯವರಿಂದ ಮುಚ್ಚಿಟ್ಟ ಸಾಲ ಬಡ್ಡಿಯನ್ನೂ ಬೆಳೆಸುತ್ತದೆ, ಏಜೆಂಟರ ಬಾಯಿಯನ್ನೂ ಬೆಳೆಸುತ್ತದೆ. ನಿಮ್ಮ ಹೆಸರಿನಲ್ಲಿ ಇಂಥ ಬಾಕಿ ಇದ್ದರೆ ಈ ವಾರವೇ ಎರಡು ಕೆಲಸ ಮಾಡಿ: ಮನೆಯವರಿಗೆ ನಿಜ ಹೇಳಿ, ಬ್ಯಾಂಕಿಗೆ ಪತ್ರ ಬರೆದು ಲೆಕ್ಕ ಕೇಳಿ.